ಚೇಳು ಕುಟುಕಿದರೆ ನೋವಿಗಿಂತ ಬೆವರನ್ನು ನೋಡಬೇಕು

ಗೋರಂಟ್ಲ: ಕಡಲೆಕಾಯಿ ಹೊಟ್ಟಿನ ಬಣವೆ, ಕಲ್ಲು ಪೇರಿಸಿದ ಗೋಡೆ, ಹಿತ್ತಲಲ್ಲಿ ಒಟ್ಟಿದ ಸೌದೆ. ಗಡಿಭಾಗದ ಹಳ್ಳಿಗಳಲ್ಲಿ ಚೇಳು ಮನೆ ಮಾಡುವುದು ಇಂಥ ಕಡೆಗಳಲ್ಲೇ. ಕನ್ನಡದವರು ಚೇಳು ಎಂದರೂ ತೆಲುಗಿನವರು ತೇಲು ಎಂದರೂ ಉರಿ ಒಂದೇ. ಆದರೆ ಎಲ್ಲ ಚೇಳುಗಳ ವಿಷ ಒಂದೇ ತೆರನಲ್ಲ.

ನೋಡಿದರೆ ಎದೆ ಝಲ್ಲೆನ್ನಿಸುವ ದೊಡ್ಡ ಕರಿಚೇಳು, ಅಂದರೆ ತೆಲುಗಿನ ಮಂಡ್ರಗಬ್ಬ, ಅಷ್ಟೇನೂ ಅಪಾಯಕಾರಿಯಲ್ಲ. ಅದರ ಇಕ್ಕಳ ದಪ್ಪ, ಬಾಲ ಸಣ್ಣ. ಪ್ರಾಣಕ್ಕೆ ಕುತ್ತು ತರುವುದು ಕೆಂಚೇಳು. ಉದ್ದ 5ರಿಂದ 9 ಸೆಂಟಿಮೀಟರ್ ಮಾತ್ರ. ಇಕ್ಕಳ ತೆಳ್ಳಗೆ, ಬಾಲ ದಪ್ಪ. ಬೇಟೆಯನ್ನು ಇಕ್ಕಳದಿಂದಲೇ ಹಿಸುಕಬಲ್ಲ ಚೇಳಿಗೆ ವಿಷದ ಅಗತ್ಯ ಕಡಿಮೆ, ಇಕ್ಕಳ ಸಣ್ಣದಿದ್ದ ಚೇಳಿಗೆ ಬಾಲವೇ ಆಯುಧ.

ಚೇಳಿಗೆ ಹಲವು ಕಣ್ಣುಗಳಿದ್ದರೂ ದೃಷ್ಟಿ ಮಂದ. ಅದು ಬೇಟೆಯನ್ನು ಕಾಣುವುದಕ್ಕಿಂತ ಹೆಚ್ಚಾಗಿ ಕಾಲಿನಿಂದ ಅರಿಯುತ್ತದೆ. ಎಂಟು ಕಾಲುಗಳಲ್ಲಿರುವ ಸೂಕ್ಷ್ಮ ಸೀಳು ಮತ್ತು ರೋಮಗಳು ನೆಲದ ಅದುರನ್ನು ಹಿಡಿಯುತ್ತವೆ. ಜಿರಲೆಯೋ ಮಿಡತೆಯೋ ಹತ್ತಿರ ಸುಳಿದರೆ ಇಕ್ಕಳದಲ್ಲಿ ಹಿಡಿದು, ಒದ್ದಾಡಿದರೆ ಬಾಲ ಬಾಗಿಸಿ ಕೊಂಡಿಯಿಂದ ಚುಚ್ಚುತ್ತದೆ. ಅಗಿದು ನುಂಗಲು ಅದಕ್ಕೆ ಬಾರದು. ಬಾಯಿಯ ಬಳಿಯ ಪುಟ್ಟ ಕತ್ತರಿಗಳಿಂದ ಹುಳುವನ್ನು ಜಜ್ಜಿ, ಜೀರ್ಣರಸ ಸುರಿದು ಕರಗಿಸಿ, ಆ ರಸವನ್ನು ಹೀರುತ್ತದೆ. ಒಮ್ಮೆ ಹೊಟ್ಟೆ ತುಂಬಿದರೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಹೆತ್ತ ಕೂಡಲೇ ತಾಯಿಚೇಳು ಸಾಯುತ್ತದೆ ಎಂಬ ಮಾತು ಮಾತ್ರ ಸುಳ್ಳು. ಮರಿಗಳು ಅದರ ಬೆನ್ನ ಮೇಲೆಯೇ ಸವಾರಿ ಮಾಡಿಕೊಂಡು ಬೆಳೆಯುತ್ತವೆ.

ಕೊಂಡಿಯ ಬುಡದ ಗುಬುಟಿನಲ್ಲಿ ಎರಡು ವಿಷದ ಗ್ರಂಥಿಗಳಿವೆ. ಸಮುದ್ರದ ಪೆಟ್ಟಿಗೆ ಆಕಾರದ ಲೋಳೆಮೀನಿನ ಎಳೆಗಳಿಗೆ ಚರ್ಮ ತಾಗಿದರೆ ಸಾಕು, ಸಾವಿರಾರು ವಿಷದ ಚೀಲಗಳು ತಾವಾಗಿಯೇ ಸಿಡಿಯುತ್ತವೆ. ಚೇಳಿನದು ಹಾಗಲ್ಲ. ಚುಚ್ಚಬೇಕೋ ಬೇಡವೋ, ಎಷ್ಟು ವಿಷ ಬಿಡಬೇಕು ಎಂಬುದು ಅದರ ಹಿಡಿತದಲ್ಲಿದೆ. ಖರ್ಚಾದ ವಿಷವನ್ನು ಮತ್ತೆ ತಯಾರಿಸಲು ದಿನಗಳೇ ಬೇಕಾದ್ದರಿಂದ ಅದು ಜಿಪುಣ. ಹಾಗಾಗಿ ಒಂದೇ ಜಾತಿಯ ಚೇಳು ಕುಟುಕಿದರೂ ಒಬ್ಬರಿಗೆ ಬರೀ ಉರಿ, ಇನ್ನೊಬ್ಬರಿಗೆ ಜೀವದ ಮೇಲೆ ಬರುವುದುಂಟು. ಮಂತ್ರ ಹಾಕುವವರ ಹೆಸರು ಉಳಿದಿರುವುದೂ ಇದರಿಂದಲೇ. ಹೆಚ್ಚಿನ ಕುಟುಕುಗಳ ನೋವು ಮಂತ್ರವಿದ್ದರೂ ಇಲ್ಲದಿದ್ದರೂ ಒಂದು ದಿನದೊಳಗೆ ಇಳಿಯುತ್ತದೆ.

ಕೆಂಚೇಳಿನ ವಿಷ ಮೈಗೆ ಏರಿದಾಗ ಕಥೆ ಬೇರೆ. ಅದು ನರಗಳ ಬಾಗಿಲನ್ನು ಮುಚ್ಚದಂತೆ ತೆರೆದಿಡುತ್ತದೆ. ಅಡ್ರಿನಲಿನ್ ಮುಂತಾದ ರಸಗಳು ರಕ್ತಕ್ಕೆ ನುಗ್ಗುತ್ತವೆ, ರಕ್ತನಾಳಗಳು ಬಿಗಿಯುತ್ತವೆ, ಹೃದಯ ಸೋಲುತ್ತದೆ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮೊದಲ ಸೂಚನೆಗಳು ವಾಂತಿ, ಮೈಯೆಲ್ಲ ಬೆವರು, ಜೊಲ್ಲು, ತಣ್ಣಗಾದ ಕೈಕಾಲು. ಗಂಡುಮಕ್ಕಳಲ್ಲಿ ಜನನಾಂಗ ನಿಮಿರಿ ಹಾಗೆಯೇ ಉಳಿಯುವುದು. ಇಂಥವರಲ್ಲಿ ಕುಟುಕಿದ ಜಾಗದ ನೋವು ಅನೇಕ ವೇಳೆ ಕಡಿಮೆಯೇ ಇರುತ್ತದೆ. ಅಳು ನಿಲ್ಲಿಸಿದ ಮಗುವಿಗೆ ವಾಸಿಯಾಯಿತು ಎಂದು ಮನೆಯವರು ನೆಮ್ಮದಿಯಾಗುವ ಹೊತ್ತಿಗೇ ಒಳಗೆ ಹೃದಯ ಸೋಲುತ್ತಿರಬಹುದು.

ಈ ವಿಷಕ್ಕೆ ದಾರಿ ಕಂಡುಕೊಂಡವರು ದೊಡ್ಡ ನಗರದ ವೈದ್ಯರಲ್ಲ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್ ಸುತ್ತ 1970ರ ದಶಕದಿಂದ ಕೆಲಸ ಮಾಡಿದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ರೋಗಿಗಳ ಪಕ್ಕದಲ್ಲೇ ಕುಳಿತು ವಿಷ ಏರುವ ಬಗೆಯನ್ನು ಬರೆದಿಟ್ಟರು. ರಕ್ತದೊತ್ತಡಕ್ಕೆ ಕೊಡುವ ಪ್ರಜೋಸಿನ್ ಎಂಬ ಅಗ್ಗದ ಮಾತ್ರೆ ಬಿಗಿದ ರಕ್ತನಾಳಗಳನ್ನು ಸಡಿಲಿಸುತ್ತದೆಂದು ತೋರಿಸಿ, 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲು ತೀವ್ರವಾಗಿ ವಿಷ ಏರಿದ ನೂರು ಮಂದಿಯಲ್ಲಿ ಸುಮಾರು 30 ಮಂದಿ ಸಾಯುತ್ತಿದ್ದ ಕಡೆ, ಸಾವು ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿದೆ. ಚೇಳಿನ ಪ್ರತಿವಿಷವೂ ಭಾರತದಲ್ಲೇ ತಯಾರಾಗುತ್ತದೆ. ಮಾತ್ರೆಯ ಜೊತೆ ಅದನ್ನೂ ಕೊಟ್ಟವರು ಬೇಗ ಚೇತರಿಸಿಕೊಂಡರೆಂದು 2011ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳುತ್ತದೆ. ಹಾವಿನ ಪ್ರತಿವಿಷ ಇದಕ್ಕೆ ನಡೆಯದು.

ಪ್ರಜೋಸಿನ್ ಅನ್ನು ಮನೆಯಲ್ಲಿ ತಾವೇ ನುಂಗುವಂತಿಲ್ಲ. ಮೊದಲ ಮಾತ್ರೆಗೇ ರಕ್ತದೊತ್ತಡ ಕುಸಿದು ರೋಗಿ ಬೀಳಬಹುದು. ಮಲಗಿಸಿ, ಒತ್ತಡ ಅಳೆಯುತ್ತ, ಕೈಕಾಲು ಬೆಚ್ಚಗಾಗುವವರೆಗೆ ವೈದ್ಯರೇ ಕೊಡಬೇಕು. ಗಾಯ ಕೊಯ್ಯುವುದು, ಸುಡುವುದು, ದಾರ ಬಿಗಿಯುವುದು ಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟರೆ ಉರಿ ತಗ್ಗುತ್ತದೆ. ಕುಟುಕಿಸಿಕೊಂಡದ್ದು ಮಕ್ಕಳಾದರೆ ಲಕ್ಷಣಕ್ಕೆ ಕಾಯದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಒಂದು ದಿನ ಕಣ್ಣಿಟ್ಟು ನೋಡಬೇಕು.

ರಾತ್ರಿ ಹೊತ್ತು ಚೇಳು ಹುಡುಕಲು ಒಂದು ಉಪಾಯವಿದೆ. ಖೋಟಾ ನೋಟು ಪತ್ತೆಗೆ ಅಂಗಡಿಗಳಲ್ಲಿ ಇಡುವಂಥ ನೇರಳಾತೀತ ದೀಪ ಬಿಟ್ಟರೆ ಚೇಳಿನ ಮೈ ಹಸಿರು ನೀಲಿಯಾಗಿ ಹೊಳೆಯುತ್ತದೆ. ನೆಲದ ಮೇಲೆ ಮಲಗುವವರು ಹಾಸಿಗೆ ಕೊಡವಿಕೊಳ್ಳುವ ಮುನ್ನ ಒಮ್ಮೆ ಸುತ್ತ ಬೆಳಕು ಹಾಯಿಸಿದರೆ ಸಾಕು. ಆಂಬುಲೆನ್ಸ್‌ಗೆ ಆಂಧ್ರದಲ್ಲೂ ಕರ್ನಾಟಕದಲ್ಲೂ ಸಂಖ್ಯೆ ಒಂದೇ, 108. ಗಡಿಯ ಊರಿನವರು ಕರೆ ಮಾಡಿದಾಗ ಮೊದಲು ಯಾವ ರಾಜ್ಯ, ಯಾವ ಮಂಡಲ ಅಥವಾ ತಾಲ್ಲೂಕು ಎಂಬುದನ್ನು ಹೇಳಿ, ಆಮೇಲೆ ಊರಿನ ಹೆಸರು ಹೇಳುವುದು ಒಳ್ಳೆಯದು.