ಪೆಟ್ಟಿಗೆಯ ಮೇಲಿನ ಅಂಕಿ, ಮಂಟಪದೊಳಗಿನ ಬೆಳಕು

ವಿಜಯಪುರ, ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ರಾತ್ರಿ ಬಿಟ್ಟ ಬಸ್ಸುಗಳು ನಸುಕಿನಲ್ಲಿ ಪುಣೆಯ ಸ್ವಾರಗೇಟ ಮುಟ್ಟುತ್ತವೆ. ಆಸ್ಪತ್ರೆಗೆ ಬಂದವರು, ಕಾಲೇಜಿಗೆ ಬಂದವರು, ಮಗನ ಮನೆಗೆ ಬಂದವರ ಜತೆಗೆ ಊರಲ್ಲಿ ಸ್ಟುಡಿಯೋ ಇಟ್ಟುಕೊಂಡ ಫೋಟೋಗ್ರಾಫರುಗಳೂ ಒಮ್ಮೊಮ್ಮೆ ಇಲ್ಲಿ ಇಳಿಯುತ್ತಾರೆ. ಲಗ್ನಸರಾಯಿ ಶುರುವಾಗುವ ಮುಂಚೆ ಹೊಸ ಕ್ಯಾಮೆರಾ ಆಗಬೇಕು. ಪೇಠೆಯ ಅಂಗಡಿ, ಕ್ಯಾಂಪಿನ ಅಂಗಡಿ ಎಂದು ಎರಡು ಮೂರು ಕಡೆ ರೇಟು ಕೇಳಿ, ಸಂಜೆ ಬಸ್ಸಿಗೆ ಪೆಟ್ಟಿಗೆ ಹಿಡಿದು ಹತ್ತುವುದು ಲೆಕ್ಕ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ತಲೆಯ ತುಂಬ ಅಂಕಿಗಳಿರುತ್ತವೆ. ಆ ಅಂಕಿಗಳು ಸುಳ್ಳಲ್ಲ. ಯಾರದೋ ಬೆಳಕಿನಲ್ಲಿ, ಯಾರದೋ ಕೆಲಸಕ್ಕೆಂದು ಅಳೆದವು, ಅಷ್ಟೆ. ಆ ಬೆಳಕು ಇಂಡಿ ಪಟ್ಟಣದ ಮಂಗಲ ಕಾರ್ಯಾಲಯದ್ದೂ ಅಲ್ಲ, ಪುಣೆಯ ಸಂಗೀತದ ಚಪ್ಪರದ್ದೂ ಅಲ್ಲ. ಎರಡು ಲಕ್ಷ ಎಣಿಸಿ ಕೊಡುವ ಮುಂಚೆ ಬಿಡಿಸಿಕೊಳ್ಳಬೇಕಾದ ಕೆಲವು ಗಂಟುಗಳು ಇಲ್ಲಿವೆ.

ತಪ್ಪು ಕಲ್ಪನೆ: ಮೆಗಾಪಿಕ್ಸೆಲ್ ಹೆಚ್ಚಿದ್ದಷ್ಟೂ ಫೋಟೋ ಚೊಕ್ಕ

“ಅಣ್ಣಾರ, ಇದು ಅರವತ್ತೊಂದು ಮೆಗಾಪಿಕ್ಸೆಲ್ ಐತ್ರಿ, ನಿಮ್ಮ ಹಳೇದು ಬರೇ ಇಪ್ಪತ್ನಾಕು” ಎಂದು ಜತೆಗೆ ಬಂದ ಹುಡುಗ ಅಂದರೆ ಸಾಕು, ಮನಸ್ಸು ಅತ್ತ ವಾಲುತ್ತದೆ. ಎರಡೂವರೆ ಪಟ್ಟು ಎಂದು ಕಿವಿಗೆ ಕೇಳಿಸುತ್ತದೆ. ಕಣ್ಣಿಗೆ ಅಷ್ಟು ಕಾಣುವುದಿಲ್ಲ. 24 ಮೆಗಾಪಿಕ್ಸೆಲ್ ಚಿತ್ರದ ಅಗಲ 6000 ಚುಕ್ಕಿ, ಎತ್ತರ 4000. 61ರ ಚಿತ್ರ 9504ಕ್ಕೆ 6336. ಅಗಲದಲ್ಲಿ ಹೆಚ್ಚಾದದ್ದು 1.6 ಪಟ್ಟಿಗಿಂತ ಒಂದು ಕೂದಲು ಕಡಿಮೆ.

ಈಗ ಗಿರಾಕಿಯ ಕೈಗೆ ಹೋಗುವ ಆಲ್ಬಮ್ ತೆಗೆದುಕೊಳ್ಳಿ. 12×36 ಅಂಗುಲದ ಶೀಟಿನ ಅರ್ಧ ಪುಟವೆಂದರೆ 12×18. ಇಂಚಿಗೆ 300 ಚುಕ್ಕಿಯಂತೆ ಲ್ಯಾಬು ಕೇಳುವುದು 3600×5400, ಹತ್ತಿರ ಹತ್ತಿರ 19.4 ಮೆಗಾಪಿಕ್ಸೆಲ್. ಒಂದೇ ಫೋಟೋವನ್ನು ಅರ್ಧ ಶೀಟು ತುಂಬ ಹಾಕಿದರೂ ಹಳೆಯ 24ರಲ್ಲಿ ಇನ್ನೂ ಅಂಚು ಉಳಿಯುತ್ತದೆ. ಸಾಮಾನ್ಯ ಪುಟದಲ್ಲಿ ನಾಲ್ಕೈದು ಫೋಟೋ ಕೂಡಿಸುವಾಗಂತೂ ಕೇಳುವುದೇ ಬೇಡ. ಗಿರಾಕಿಯ 4ಕೆ ಟಿವಿ ತೋರಿಸುವುದು ಬರೇ 83 ಲಕ್ಷ ಚುಕ್ಕಿ. ಊರ ಬಾಗಿಲಿನ ಫ್ಲೆಕ್ಸನ್ನು ಜನ ರಸ್ತೆಯ ಆಚೆಯಿಂದ ನೋಡುವುದರಿಂದ ಅದಕ್ಕೆ ಇಂಚಿಗೆ 300 ಚುಕ್ಕಿ ಬೇಕೂ ಇಲ್ಲ.

ಹೆಚ್ಚಿನ ಮೆಗಾಪಿಕ್ಸೆಲಿಗೆ ಬಾಡಿಗೆಯನ್ನು ಬೇರೆ ಕಡೆ ಕಟ್ಟಬೇಕಾಗುತ್ತದೆ. 61 ಮೆಗಾಪಿಕ್ಸೆಲಿನ ಸಂಕುಚಿಸದ ರಾ ಫೈಲು ಒಂದಕ್ಕೇ 120 ಎಂಬಿ ಆಸುಪಾಸು. ಒಂದು ಲಗ್ನಕ್ಕೆ 3000 ಕ್ಲಿಕ್ಕು ಹಿಡಿದರೆ 360 ಜಿಬಿ, ಬ್ಯಾಕಪ್ ಸೇರಿಸಿದರೆ ಅದರ ಇಮ್ಮಡಿ. 24ರಲ್ಲಿ ಅದೇ ಬಗೆಯ ಫೈಲು 50 ಎಂಬಿಯ ಸುತ್ತ ನಿಲ್ಲುತ್ತದೆ. ಸ್ಟುಡಿಯೋದ ಹಳೆಯ ಕಂಪ್ಯೂಟರು ಅಲ್ಲೇ ಉಸಿರು ಬಿಡುತ್ತದೆ, ಕ್ಯಾಮೆರಾದ ಬಿಲ್ಲಿನ ಬೆನ್ನಿಗೇ ಕಂಪ್ಯೂಟರಿನ ಬಿಲ್ಲು ಬರುತ್ತದೆ. ದೂರದ ಹಕ್ಕಿಯನ್ನು ಕತ್ತರಿಸಿ ದೊಡ್ಡದು ಮಾಡುವವರಿಗೆ, ಸೀರೆ–ಒಡವೆಗಳ ಜಾಹೀರಾತು ತೆಗೆಯುವವರಿಗೆ, ವರ್ಣಚಿತ್ರಗಳ ಪ್ರತಿ ಮಾಡುವವರಿಗೆ 45, 61 ಬೇಕು. ಸೋನಿ 2020ರಲ್ಲಿ ತಂದ ಎ7ಎಸ್ 3 ಕ್ಯಾಮೆರಾದಲ್ಲಿ ಇರುವುದು 12.1 ಮೆಗಾಪಿಕ್ಸೆಲ್. ಕತ್ತಲಲ್ಲಿ ವಿಡಿಯೋ ಮಾಡುವವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ.

ತಪ್ಪು ಕಲ್ಪನೆ: ಮೊದಲು ಫುಲ್ ಫ್ರೇಮ್ ಬಾಡಿ, ಲೆನ್ಸು ಆಮೇಲೆ ನೋಡಿದರಾಯಿತು

ಫುಲ್ ಫ್ರೇಮ್ ಸೆನ್ಸರು 36×24 ಮಿಲಿಮೀಟರ್. ನಿಕಾನ್, ಸೋನಿಯ ಕ್ರಾಪ್ ಸೆನ್ಸರು 23.5×15.6ರಷ್ಟು. ವಿಸ್ತೀರ್ಣದ ಲೆಕ್ಕದಲ್ಲಿ ದೊಡ್ಡದಕ್ಕೆ ಸಿಗುವ ಲಾಭ 2.4 ಪಟ್ಟಿನೊಳಗೆ. ಅದಕ್ಕಾಗಿ ಕೆಲವೊಮ್ಮೆ ಲಕ್ಷ ರೂಪಾಯಿ ಹೆಚ್ಚಿಗೆ ಹೋಗುತ್ತದೆ. ಇನ್ನೊಂದು ಕಡೆ, ಕಿಟ್ ಲೆನ್ಸನ್ನು ಪೂರ್ತಿ ಎಳೆದಾಗ ಸಿಗುವುದು ಎಫ್ 5.6. ಹತ್ತಿಪ್ಪತ್ತು ಸಾವಿರದ 50 ಎಂಎಂ ಲೆನ್ಸು ಎಫ್ 1.8ಕ್ಕೆ ತೆರೆಯುತ್ತದೆ. ಅದರೊಳಗೆ ಬರುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು.

ಕೈಯಲ್ಲಿರುವ ಹಣವೆಲ್ಲ ಕ್ಯಾಮೆರಾ ಬಾಡಿಯ ಮೇಲೆ ಸುರಿದು ಕಿಟ್ ಲೆನ್ಸು ಹಾಕಿಕೊಂಡು ಮಂಟಪಕ್ಕೆ ಹೋಗುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬಾಡಿ ಐದು ವರ್ಷಕ್ಕೆ ಹಳತಾಗುತ್ತದೆ, ಒಳ್ಳೆಯ ಲೆನ್ಸು ಹದಿನೈದು ವರ್ಷ ದುಡಿಯುತ್ತದೆ.

ತಪ್ಪು ಕಲ್ಪನೆ: ಸ್ಟೆಬಿಲೈಸೇಶನ್ ಇದ್ದರೆ ಕಡಿಮೆ ಬೆಳಕಿನಲ್ಲೂ ಎಲ್ಲ ಶಾರ್ಪ್

ಅದು ನಿಮ್ಮ ಕೈಯ ನಡುಕ ನಿಲ್ಲಿಸುತ್ತದೆ, ಎದುರಿಗಿರುವವರ ಚಲನೆಯನ್ನಲ್ಲ. ಗಣೇಶೋತ್ಸವದ ಢೋಲ್–ತಾಶಾ ಪಥಕವನ್ನು ಸೆಕೆಂಡಿನ 1/15ರಲ್ಲಿ ತೆಗೆಯಿರಿ. ಹಿಂದಿನ ಗೋಡೆಯ ಇಟ್ಟಿಗೆ ಎಣಿಸಬಹುದು, ಢೋಲಿನ ಮೇಲೆ ಬೀಳುವ ಕೋಲು ಮಾತ್ರ ಹೊಗೆಯಂತೆ. ಕೋಲು ನಿಲ್ಲಬೇಕಾದರೆ 1/500ಕ್ಕೆ ಏರಿಸಲೇಬೇಕು, ಅಲ್ಲಿಗೆ ಐಎಸ್‌ಒ ಕೂಡ ಏರುತ್ತದೆ.

ಐಎಸ್‌ಒ ಏರಿಸಿದ್ದರಿಂದಲೇ ಕಾಳು ಕಾಳಾಯಿತು ಎನ್ನುವುದೂ ಪೂರ್ತಿ ಸರಿಯಲ್ಲ. ಕಾಳಿಗೆ ಮುಖ್ಯ ಕಾರಣ ಸೆನ್ಸರಿಗೆ ತಲುಪಿದ ಬೆಳಕಿನ ಕೊರತೆ. ಹೆದರಿ 800ರಲ್ಲಿ ಕಪ್ಪಗೆ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿದರೆ, 3200ರಲ್ಲಿ ಸರಿಯಾಗಿ ತೆಗೆದದ್ದಕ್ಕಿಂತ ಅದು ಚೆನ್ನಾಗಿರುವುದಿಲ್ಲ. ಬಹಳಷ್ಟು ಕ್ಯಾಮೆರಾಗಳಲ್ಲಿ ಇನ್ನೂ ಕೆಡುತ್ತದೆ.

ತಪ್ಪು ಕಲ್ಪನೆ: ಸೈಲೆಂಟ್ ಶಟರ್ ಬಂದಮೇಲೆ ಕಛೇರಿಯ ಫೋಟೋಗೆ ಚಿಂತೆಯಿಲ್ಲ

ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಅಂಗಡಿಯಲ್ಲಿ ನಿಂತು ನೋಡಿದರೆ ಗೊತ್ತೇ ಆಗದ ದೋಷ ಇದು.

ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಶುರುವಾದ ಸಂಗೀತೋತ್ಸವವನ್ನು ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿಯವರು ದಶಕಗಳ ಕಾಲ ನಡೆಸಿಕೊಂಡು ಬಂದರು. ಈಗ ಅದು ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ಈಚಿನ ವರ್ಷಗಳಲ್ಲಿ ಸ್ವಾರಗೇಟಕ್ಕೆ ಹತ್ತಿರದ ಮುಕುಂದನಗರದಲ್ಲಿ ಡಿಸೆಂಬರ್ ಹೊತ್ತಿಗೆ ನಡೆಯುತ್ತದೆ. ಇಂಥ ವೇದಿಕೆಯ ಮುಂದೆ ಕನ್ನಡಿ ಬಡಿಯುವ ಡಿಎಸ್‌ಎಲ್‌ಆರ್ ಹಿಡಿದು ಕೂತವರ ಪಾಡು ಗೊತ್ತಿದ್ದದ್ದೇ. ವಿಲಂಬಿತ ಆಲಾಪದ ನಡುವೆ “ಠಪ್” ಎಂದರೆ ಮುಂದಿನ ಸಾಲಿನವರೆಲ್ಲ ತಿರುಗಿ ನೋಡುತ್ತಾರೆ. ಮಿರರ್‌ಲೆಸ್ ಬಂದು, ಎಲೆಕ್ಟ್ರಾನಿಕ್ ಶಟರ್ ಸದ್ದಿಲ್ಲದೆ ಓಡತೊಡಗಿ ಆ ಮುಜುಗರ ತಪ್ಪಿತು. ಅದು ದೊಡ್ಡ ಉಪಕಾರವೇ.

ತೊಡಕು ಬೆಳಕಿನಲ್ಲಿದೆ. ನಮ್ಮ ಮನೆಗಳಿಗೆ ಬರುವ ಕರೆಂಟು 50 ಹರ್ಟ್ಸಿನದು. ಅದರ ಮೇಲೆ ಉರಿಯುವ ಅಗ್ಗದ ಎಲ್ಇಡಿ, ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ಕಣ್ಣಿಗೆ ಕಾಣದು. ಸಾಮಾನ್ಯ ಸೆನ್ಸರು ಎಲೆಕ್ಟ್ರಾನಿಕ್ ಶಟರಿನಲ್ಲಿ ಇಡೀ ಚಿತ್ರವನ್ನು ಒಮ್ಮೆಗೇ ಓದುವುದಿಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಳಿಯುತ್ತ ಓದುತ್ತದೆ. ಹಾಗೆ ಇಳಿಯಲು ಕೆಲವು ಕ್ಯಾಮೆರಾಗಳು ಸೆಕೆಂಡಿನ 1/15ರಷ್ಟು ಹೊತ್ತು ತೆಗೆದುಕೊಳ್ಳುತ್ತವೆ. ಅಷ್ಟರೊಳಗೆ ದೀಪ ಆರೇಳು ಸಲ ಏರಿ ಇಳಿದಿರುತ್ತದೆ. ಗಾಯಕರ ಬಿಳಿ ಜುಬ್ಬಾದ ಮೇಲೆ ಅಷ್ಟೇ ಕಪ್ಪು ಪಟ್ಟಿಗಳು ಅಡ್ಡಡ್ಡ ಬಂದು ಕೂತಿರುತ್ತವೆ. ತಾನ್ ಹೊಡೆಯುವಾಗ ಬೀಸಿದ ಕೈ ಓರೆಯಾಗಿ ಬಾಗಿರುವುದೂ ಉಂಟು.

ಶಟರನ್ನು 1/100ಕ್ಕೋ 1/50ಕ್ಕೋ ಇಟ್ಟರೆ ಪಟ್ಟಿ ಬಹುಮಟ್ಟಿಗೆ ಮಾಯವಾಗುತ್ತದೆ, ಆದರೆ ಆ ವೇಗಕ್ಕೆ ಬೀಸುವ ಕೈ ನಿಲ್ಲುವುದಿಲ್ಲ. ಡಿಮ್ಮರಿನ ಮೇಲೆ ಓಡುವ ವೇದಿಕೆಯ ಎಲ್ಇಡಿಗಳು ಬೇರೆಯೇ ವೇಗದಲ್ಲಿ ಮಿಣುಕುವುದರಿಂದ ಅಲ್ಲಿ ಈ ಲೆಕ್ಕವೂ ಕೈಕೊಡಬಹುದು. ಆಗ ಮೆಕ್ಯಾನಿಕಲ್ ಶಟರಿಗೆ ಹೊರಳುವುದೇ ದಾರಿ. ಅದರ ಸದ್ದು ಡಿಎಸ್‌ಎಲ್‌ಆರಿನಷ್ಟಿಲ್ಲ, ಆದರೆ ಇದೆ. ವೇಗವಾಗಿ ಓದುವ ಸ್ಟ್ಯಾಕ್ಡ್ ಸೆನ್ಸರಿನ ಕ್ಯಾಮೆರಾಗಳಲ್ಲಿ ತೊಂದರೆ ಬಹಳ ಕಡಿಮೆ. ನಿಕಾನ್ 2021ರ ಝಡ್ 9ರಲ್ಲಿ ಮೆಕ್ಯಾನಿಕಲ್ ಶಟರನ್ನೇ ತೆಗೆದುಹಾಕಿತು. ಸೋನಿ 2023ರಲ್ಲಿ ಪ್ರಕಟಿಸಿದ ಎ9 3, ಇಡೀ ಸೆನ್ಸರನ್ನು ಒಂದೇ ಕ್ಷಣಕ್ಕೆ ಓದುತ್ತದೆ. ಅವುಗಳ ಬೆಲೆ ಕೇಳಿ ಊರಿನ ಸ್ಟುಡಿಯೋದವರು ಸುಮ್ಮನೆ ನಕ್ಕು ಮುಂದೆ ಹೋಗುತ್ತಾರೆ, ಅದು ಸರಿಯೇ. ಕೊಳ್ಳುವ ಕ್ಯಾಮೆರಾ ಯಾವುದೇ ಇರಲಿ, ಅಂಗಡಿಯ ಟ್ಯೂಬ್‌ಲೈಟಿನ ಕೆಳಗೇ ಸೈಲೆಂಟ್ ಮೋಡಿನಲ್ಲಿ 1/500ಕ್ಕೆ ಬಿಳಿ ಗೋಡೆಯದೊಂದು ಫೋಟೋ ತೆಗೆಯಿರಿ. ಪಟ್ಟಿ ಬರುವುದಿದ್ದರೆ ಬಹಳ ಸಲ ಅಲ್ಲೇ ಕಾಣುತ್ತದೆ.

ತಪ್ಪು ಕಲ್ಪನೆ: ಡಿಎಸ್‌ಎಲ್‌ಆರ್ ಕಾಲ ಮುಗಿಯಿತು, ಇದ್ದದ್ದನ್ನೆಲ್ಲ ಮಾರಿಬಿಡಬೇಕು

ಹೊಸ ಲೆನ್ಸುಗಳು ಬಹುತೇಕ ಮಿರರ್‌ಲೆಸ್‌ಗೇ ಬರುತ್ತಿವೆ ಎಂಬುದು ನಿಜ. ಕ್ಯಾನನ್ ಮತ್ತು ನಿಕಾನ್ ಎರಡೂ 2018ರಲ್ಲಿ ಫುಲ್ ಫ್ರೇಮ್ ಮಿರರ್‌ಲೆಸ್‌ಗೆ ಹೊಸ ಮೌಂಟು ತಂದವು, ಅವುಗಳ ದೊಡ್ಡ ಡಿಎಸ್‌ಎಲ್‌ಆರುಗಳ ಕೊನೆಯ ಮಾದರಿಗಳು ಬಂದದ್ದು 2020ರಲ್ಲಿ. ಆದರೆ ಮನೆಯಲ್ಲಿರುವ ಕ್ಯಾಮೆರಾ ಅದರಿಂದ ಕೆಟ್ಟುಹೋಗಲಿಲ್ಲ. ನಿಕಾನ್ ಡಿ850ರ ಬ್ಯಾಟರಿಗೆ ಅಧಿಕೃತ ಅಳತೆ 1840 ಫೋಟೋ. ಸೋನಿ ಎ7 3ಕ್ಕೆ ವ್ಯೂಫೈಂಡರಿನಲ್ಲಿ 610. ಅರಿಷಿಣದಿಂದ ಆರತಕ್ಷತೆಯವರೆಗೆ ನಿಂತು ಕೆಲಸ ಮಾಡುವವರು ಮಿರರ್‌ಲೆಸ್ ಜತೆಗೆ ಹೆಚ್ಚುವರಿ ಬ್ಯಾಟರಿಗಳ ಬೆಲೆಯನ್ನೂ ಕೂಡಿಸಿಕೊಳ್ಳಬೇಕು.

ಹಳೆಯ ಲೆನ್ಸುಗಳ ವಿಚಾರದಲ್ಲಿ ಒಂದು ಎಚ್ಚರ. ಕ್ಯಾನನ್ನಿನ ಇಎಫ್ ಲೆನ್ಸುಗಳು ಅಡಾಪ್ಟರಿನ ಮೇಲೆ ಆರ್‌ಎಫ್ ಬಾಡಿಗೆ ಚೆನ್ನಾಗಿ ಕೂಡುತ್ತವೆ, ಆಟೋಫೋಕಸ್ ಓಡುತ್ತದೆ. ನಿಕಾನಿನಲ್ಲಿ ಎಲ್ಲ ಲೆನ್ಸಿಗೂ ಹಾಗಲ್ಲ. ಸ್ಟುಡಿಯೋಗಳಲ್ಲಿ ಇನ್ನೂ ಕಾಣಸಿಗುವ 50 ಎಂಎಂ ಎಎಫ್-ಡಿ ಲೆನ್ಸಿನಲ್ಲಿ ಮೋಟರಿಲ್ಲ, ಕಂಪನಿಯ ಎಫ್‌ಟಿಝಡ್ ಅಡಾಪ್ಟರಿನಲ್ಲೂ ಇಲ್ಲ. ಕೂಡುತ್ತದೆ, ಆದರೆ ಫೋಕಸನ್ನು ಕೈಯಲ್ಲೇ ತಿರುಗಿಸಬೇಕು. ಅಕ್ಕಿಕಾಳು ಬೀಳುವ ಹೊತ್ತಿಗೆ ಅದು ಗೊತ್ತಾದರೆ ಏನು ಪ್ರಯೋಜನ?

ತಪ್ಪು ಕಲ್ಪನೆ: ವೆದರ್ ಸೀಲ್ಡ್ ಅಂದರೆ ಮಳೆಗೆ ಹೆದರಬೇಕಿಲ್ಲ

ಆಳಂದಿಯಿಂದ ಜ್ಞಾನೇಶ್ವರರ, ದೇಹೂದಿಂದ ತುಕಾರಾಮರ ಪಾಲಖಿಗಳು ಪಂಢರಪುರಕ್ಕೆ ಹೋಗುವ ದಾರಿಯಲ್ಲಿ ಪುಣೆಗೆ ಬರುವುದು ಮಳೆಗಾಲದ ಬಾಗಿಲಲ್ಲಿ. ಆಗ ಕ್ಯಾಮೆರಾ ಹಿಡಿದು ನಿಂತವರಿಗೆ ಇದರ ಅರ್ಥ ತಿಳಿದಿರಬೇಕು. ಸೀಲ್ಡ್ ಎಂದರೆ ಕೀಲುಗಳಲ್ಲಿ ರಬ್ಬರು ಇದೆ ಎಂದು ಮಾತ್ರ. ಲೆನ್ಸಿನ ಬುಡದಲ್ಲೂ ರಬ್ಬರು ಇರಬೇಕು. ಬಹಳಷ್ಟು ಕಿಟ್ ಲೆನ್ಸುಗಳಲ್ಲಿ ಅದಿಲ್ಲ. ನೀರು ಹೊಕ್ಕರೆ ಸಾಮಾನ್ಯವಾಗಿ ವಾರಂಟಿ ಒಪ್ಪುವುದಿಲ್ಲ. ಹತ್ತು ರೂಪಾಯಿಯ ಪ್ಲಾಸ್ಟಿಕ್ ಚೀಲ ಇದಕ್ಕಿಂತ ನಂಬಿಗಸ್ಥ. ಒದ್ದೆ ಚೀಲದಲ್ಲೇ ಕ್ಯಾಮೆರಾ ಇಟ್ಟು ಮಲಗಿದರೆ ಲೆನ್ಸಿನೊಳಗೆ ಬೂಷ್ಟು ಹಿಡಿಯುವುದು ಮಾತ್ರ ಗ್ಯಾರಂಟಿ.

ತಪ್ಪು ಕಲ್ಪನೆ: ಕ್ಯಾನನ್ನಿನಲ್ಲಿ ಮೈಬಣ್ಣ ಚಂದ, ಸೋನಿಯಲ್ಲಿ ಹಸಿರು

ರಾ ಫೈಲು ತೆಗೆದು ತಿದ್ದುವವರಿಗೆ ಈ ಜಗಳ ಬೇಕಿಲ್ಲ, ವೈಟ್ ಬ್ಯಾಲೆನ್ಸ್ ಮತ್ತು ಪ್ರೊಫೈಲ್ ಸರಿಮಾಡಿದರೆ ಮುಗಿಯಿತು. ಆದರೆ ನೇರ ಜೆಪೆಗ್ ತೆಗೆದು ಲ್ಯಾಬಿಗೆ ಕಳಿಸುವವರಿಗೆ ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಕಂಪನಿ ಕೂಡಿಸಿಟ್ಟ ಬಣ್ಣವೇ ಅವರ ಆಲ್ಬಮಿನ ಬಣ್ಣ. ಅಂಥವರು ಬ್ರಾಂಡಿನ ಹೆಸರು ಕೇಳದೆ ನಮ್ಮ ಗೋಧಿ, ಕಪ್ಪು ಮೈಬಣ್ಣಗಳ ಮೇಲೆ, ಅರಿಷಿಣದ ಸೀರೆಯ ಪಕ್ಕದಲ್ಲಿ ತೆಗೆದು ನೋಡಲಿ.

ತಪ್ಪು ಕಲ್ಪನೆ: ಅಂಗಡಿಯಲ್ಲಿ ಹಿಡಿದು ನೋಡಿದರೆ ತಿಳಿದುಹೋಗುತ್ತದೆ

ಹಿಂದಿನ ಪರದೆಯ ಮೇಲೆ ಎಲ್ಲ ಕ್ಯಾಮೆರಾವೂ ಚಂದವೇ. ಒಂದು ದಿನಕ್ಕೆ ಬಾಡಿಗೆಗೆ ತೆಗೆದುಕೊಳ್ಳಿ, ನಿಮ್ಮದೇ ಕಾರ್ಡು ಹಾಕಿ, ಸಂಜೆ ಸ್ವಾರಗೇಟದಿಂದ ಸಾರಸಬಾಗಿನ ಕಡೆ ನಡೆಯಿರಿ. ತಿರುಗುವ ಬಸ್ಸುಗಳ ಮೇಲೆ ಫೋಕಸ್ ಹಿಂಬಾಲಿಸುತ್ತದೆಯೇ, ಗಣಪತಿ ಗುಡಿಯ ದೀಪದಲ್ಲಿ ಮುಖದ ಬಣ್ಣ ನಿಲ್ಲುತ್ತದೆಯೇ, ತಿಂಡಿಯ ಗಾಡಿಗಳ ಬೆಳಕಿನಲ್ಲಿ ಪಟ್ಟಿ ಬೀಳುತ್ತದೆಯೇ, ಎಲ್ಲ ಒಂದೇ ನಡಿಗೆಯಲ್ಲಿ ತಿಳಿಯುತ್ತದೆ. ಆಮೇಲೆ 70–200 ಲೆನ್ಸು ಹೆಗಲಿಗೇರಿಸಿ ಪರ್ವತಿಯ ನೂರಾ ಮೂರು ಮೆಟ್ಟಿಲು ಹತ್ತಿ. ತೂಕ ಎಷ್ಟೆಂದು ಮೇಲೆ ಹೋದಮೇಲೆ ಹೇಳಿ.

ತಪ್ಪು ಕಲ್ಪನೆ: ಸೆಕೆಂಡ್‌ಹ್ಯಾಂಡಿನಲ್ಲಿ ಶಟರ್ ಕೌಂಟ್ ಕಡಿಮೆಯಿದ್ದರೆ ಸಾಕು

ಡಿ850ರ ಶಟರನ್ನು 2 ಲಕ್ಷ, ಕ್ಯಾನನ್ 5ಡಿ ಮಾರ್ಕ್ 4ರದನ್ನು 1.5 ಲಕ್ಷ ಸಲಕ್ಕೆ ಪರೀಕ್ಷಿಸಿರುತ್ತಾರೆ. ಲಗ್ನಕ್ಕೆ 3000ದಂತೆ ವರ್ಷಕ್ಕೆ ಐವತ್ತು ಲಗ್ನ ಮಾಡಿದವರ ಕ್ಯಾಮೆರಾ ಒಂದೇ ವರ್ಷಕ್ಕೆ 1.5 ಲಕ್ಷ ಮುಟ್ಟುತ್ತದೆ, ಹಾಗಾಗಿ ಎಣಿಕೆ ನೋಡುವುದು ತಪ್ಪಲ್ಲ. ಆದರೆ ಮಿರರ್‌ಲೆಸ್‌ನಲ್ಲಿ ಗಂಟೆಗಟ್ಟಲೆ ಓಡಿಸಿದ ವಿಡಿಯೋ ಆ ಎಣಿಕೆಗೆ ಬರುವುದಿಲ್ಲ. ಎಣಿಕೆ ಇಪ್ಪತ್ತು ಸಾವಿರವೆಂದು ತೋರಿಸುವ ಕ್ಯಾಮೆರಾ ಎರಡು ಸುಗ್ಗಿಯ ಮೆರವಣಿಗೆ ನೋಡಿರಬಹುದು. ಡಿಜೆ ಗಾಡಿಯ ಲೇಸರ್ ನೇರ ಒಳಗೆ ಬಿದ್ದರೆ ಸೆನ್ಸರಿನ ಮೇಲೆ ಗೆರೆ, ಚುಕ್ಕಿ ಸುಟ್ಟು ಉಳಿಯುತ್ತವೆ. ಎಫ್ 16ಕ್ಕೆ ಇಟ್ಟು ಆಕಾಶದ್ದೊಂದು, ಮುಚ್ಚಳ ಹಾಕಿ ಕಪ್ಪನೆಯದೊಂದು ಫೋಟೋ ತೆಗೆದು, ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ.

ತಪ್ಪು ಕಲ್ಪನೆ: ಬಿಲ್ಲಿಲ್ಲದೆ ತಗೊಂಡರೆ ಅಷ್ಟು ಉಳಿತಾಯ

ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದದ್ದು 2019ರ ಜನವರಿ 1ರಿಂದ. ಎರಡು ಲಕ್ಷದ ಮೇಲೆ ತೆರಿಗೆ 36,000. ಜಿಎಸ್‌ಟಿ ನೋಂದಣಿ ಇದ್ದು ಗಿರಾಕಿಗಳಿಗೆ ತೆರಿಗೆ ಹಾಕಿ ಬಿಲ್ಲು ಕೊಡುವ ಸ್ಟುಡಿಯೋ ಇದನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಅಧಿಕೃತ ದಾರಿ ಬಿಟ್ಟು ಬಂದ, ಬಿಲ್ಲಿಲ್ಲದ ಗ್ರೇ ಮಾಲಿನಲ್ಲಿ ಹದಿನೈದು ಸಾವಿರ ಉಳಿಸಿದೆ ಎಂದು ಹಿಗ್ಗುವವರು 36,000 ಬಿಟ್ಟುಬಂದಿರುತ್ತಾರೆ, ಭಾರತದ ವಾರಂಟಿಯನ್ನೂ ಬಿಟ್ಟಿರುತ್ತಾರೆ. ಜಪಾನಿನ ಪೇಟೆಗೆಂದೇ ಮಾಡಿದ ಕೆಲವು ಮಾದರಿಗಳಲ್ಲಿ ಮೆನು ಜಪಾನಿಯೊಂದರಲ್ಲೇ ಇರುತ್ತದೆ.

ಗಡಿ ದಾಟಿ ಬಂದು ಕೊಳ್ಳುವವರು ಇನ್ನೊಂದು ಸಾಲು ಓದಬೇಕು. ನೋಂದಣಿ ಕರ್ನಾಟಕದ್ದಾಗಿದ್ದರೆ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರು ಹಾಕಿಸಿ, ತೆರಿಗೆ ಐಜಿಎಸ್‌ಟಿ ಎಂದು ಬಂದಿದೆಯೇ ನೋಡಿ. ಮಹಾರಾಷ್ಟ್ರದ ಎಸ್‌ಜಿಎಸ್‌ಟಿ ಹಾಕಿ ಕೊಟ್ಟರೆ ಆ ಹಣ ವಿಜಯಪುರದ ಲೆಕ್ಕದಲ್ಲಿ ಹೊಂದಿಕೆಯಾಗದು. ಪೆಟ್ಟಿಗೆಯ ಮೇಲಿನ, ಕ್ಯಾಮೆರಾದ ತಳದಲ್ಲಿನ, ಬಿಲ್ಲಿನಲ್ಲಿನ ಸೀರಿಯಲ್ ನಂಬರು ಮೂರೂ ಒಂದೇ ಇವೆಯೇ ಎಂದು ಕೌಂಟರಿನ ಮುಂದೆಯೇ ತಾಳೆ ನೋಡಿ. ಬಸ್ಸು ಹತ್ತಿದ ಮೇಲೆ ನೋಡಿದರೆ ಕಾತ್ರಜ ಘಾಟಿನಿಂದ ಅಂಗಡಿಗೆ ಫೋನು ಹಚ್ಚಬೇಕಾಗುತ್ತದೆ.