ಎರಡು ಸೀಸೆ ನೀರಿನಲ್ಲಿ ರಾಸಾಯನಿಕ ಸಮತೋಲ

ರಸಾಯನಶಾಸ್ತ್ರದ ಪಾಠದಲ್ಲಿ ‘ಸಮತೋಲ’ವೆಂಬ ಶಬ್ದ ಬಂದೊಡನೆ ವಿದ್ಯಾರ್ಥಿಯ ಕಣ್ಣ ಮುಂದೆ ಅಂಗಡಿಯ ತಕ್ಕಡಿ ನಿಲ್ಲುತ್ತದೆ. ತಟ್ಟೆಗಳೆರಡೂ ಸಮ, ಮುಳ್ಳು ನಿಶ್ಚಲ. ಇದರಿಂದ ಎರಡು ತಪ್ಪು ಕಲ್ಪನೆಗಳು ಹುಟ್ಟುತ್ತವೆ: ಕ್ರಿಯೆ ನಿಂತುಹೋಯಿತೆಂಬುದೊಂದು, ಎರಡು ಕಡೆಯ ಪದಾರ್ಥಗಳೂ ಸಮಪ್ರಮಾಣದಲ್ಲಿವೆಯೆಂಬುದು ಇನ್ನೊಂದು. ಎರಡೂ ನಿಜವಲ್ಲ. ಮುಮ್ಮುಖ ಕ್ರಿಯೆಯೂ ಹಿಮ್ಮುಖ ಕ್ರಿಯೆಯೂ ಒಂದೇ ವೇಗದಲ್ಲಿ ನಡೆಯುತ್ತಿರುವ ಸ್ಥಿತಿಯೇ ಸಮತೋಲ. ನಮ್ಮದು ಕಲಾ ಕಾಲೇಜು, ಇದೆಲ್ಲ ನಮಗೇಕೆಂದು ಕೇಳಬಹುದು. ನಮ್ಮಲ್ಲಿ ಹಲವರು ನಾಳೆ ಉಪಾಧ್ಯಾಯರಾಗುವವರು. ಪ್ರಯೋಗಶಾಲೆಯಿಲ್ಲದ ಕಡೆ ವಿಜ್ಞಾನದ ಪಾಠವೂ ಪಾಲಿಗೆ ಬರುವುದುಂಟು.

ಸೋಡಕ್ಕೆ ಕ್ಯಾಲ್ಸಿಯಂ ಕ್ಲೋರೈಡು ಬೆರೆಸಿದರೆ ಸುಣ್ಣಕಲ್ಲಿನ ಪುಡಿಯೂ ಉಪ್ಪೂ ಆಗುತ್ತವೆ. ನೆಪೋಲಿಯನ್ನನೊಡನೆ 1798ರಲ್ಲಿ ಈಜಿಪ್ಟಿಗೆ ಹೋದ ಬರ್ತೊಲೆ ಎಂಬ ಫ್ರೆಂಚ್ ವಿಜ್ಞಾನಿ ಅಲ್ಲಿಯ ಉಪ್ಪುಕೆರೆಗಳ ದಡದಲ್ಲಿ ಇದರ ವಿರುದ್ಧವನ್ನೇ ಕಂಡನು: ಉಪ್ಪೂ ಸುಣ್ಣಕಲ್ಲೂ ಸೇರಿ ಸೋಡ ಕಟ್ಟಿತ್ತು. ಕ್ರಿಯೆಯ ದಿಕ್ಕು ಪದಾರ್ಥಗಳ ಪ್ರಮಾಣವನ್ನೂ ಅವಲಂಬಿಸಿದೆಯೆಂದು ಅವನು ಊಹಿಸಿದನು. ಇದಕ್ಕೆ ಗಣಿತದ ರೂಪ ಕೊಟ್ಟವರು 1864ರಲ್ಲಿ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ.

ಈಗ ಪ್ರಯೋಗ. ಸುಮಾರು ನಾಲ್ಕು ಸೆಂಟಿಮೀಟರ್ ಅಡ್ಡಳತೆಯ, ಕೆಳಗಿನಿಂದ ಮೇಲಿನವರೆಗೆ ಒಂದೇ ಅಗಲದ ಎರಡು ಸೀಸೆಗಳು ಬೇಕು. ಕೊಳವೆಗೆ ಪಪ್ಪಾಯಿ ಎಲೆಯ ದಂಟು ಸಾಕು. ಎಂಟು ಮಿಲಿಮೀಟರ್ ರಂಧ್ರದ್ದೊಂದು, ನಾಲ್ಕು ಮಿಲಿಮೀಟರಿನದೊಂದು ಆರಿಸಿಕೊಳ್ಳಿ. ಮೊದಲ ಸೀಸೆಗೆ ಹದಿನೈದು ಸೆಂಟಿಮೀಟರ್ ನೀರು ತುಂಬಿ, ಎರಡನೆಯದನ್ನು ಖಾಲಿ ಬಿಡಿ. ಒಬ್ಬನು ದಪ್ಪ ದಂಟನ್ನು ಮೊದಲ ಸೀಸೆಯ ತಳದವರೆಗೆ ಇಳಿಸಿ, ಮೇಲ್ತುದಿಯನ್ನು ಬೆರಳಿನಿಂದ ಮುಚ್ಚಿ, ಎತ್ತಿ, ನೀರನ್ನು ಎರಡನೆಯದಕ್ಕೆ ಬಿಡಲಿ. ಅದೇ ಹೊತ್ತಿಗೆ ಇನ್ನೊಬ್ಬನು ಸಣ್ಣ ದಂಟಿನಿಂದ ಎರಡನೆಯದರಿಂದ ಮೊದಲನೆಯದಕ್ಕೆ ಸಾಗಿಸಲಿ. ನೀರಿನ ಮಟ್ಟವೆಷ್ಟೋ ದಂಟಿನೊಳಗೆ ಬರುವ ನೀರೂ ಅಷ್ಟೇ ಎತ್ತರ. ಗುಲ್ಡ್‌ಬರ್ಗ್ ಮತ್ತು ವಾಗೆ ಹೇಳಿದ ನಿಯಮದ ತಿರುಳು ಇದೇ.

ಎಂಬತ್ತು ಸಲದ ಹೊತ್ತಿಗೆ ಮಟ್ಟಗಳು ನಿಂತಂತೆ ಕಾಣುತ್ತವೆ: ಒಂದರಲ್ಲಿ ಸುಮಾರು ಮೂರು ಸೆಂಟಿಮೀಟರ್, ಇನ್ನೊಂದರಲ್ಲಿ ಹನ್ನೆರಡು. ಹುಡುಗರ ಕೈ ಮಾತ್ರ ನಿಂತಿಲ್ಲ! ದಪ್ಪ ದಂಟಿನ ರಂಧ್ರದ ವಿಸ್ತಾರ ನಾಲ್ಕು ಪಾಲು ಹೆಚ್ಚಾದುದರಿಂದ, ನಾಲ್ಕನೆಯ ಒಂದು ಪಾಲು ಎತ್ತರದಿಂದಲೇ ಅದು ಅಷ್ಟೇ ನೀರನ್ನು ಒಯ್ಯುತ್ತದೆ. ಎರಡನೆಯ ಸೀಸೆಯನ್ನು ತುಂಬಿ ಪ್ರಾರಂಭಿಸಿದರೂ ಇದೇ ಫಲ. ಮೊದಲನೆಯದಕ್ಕೆ ಇನ್ನೂ ಐದು ಸೆಂಟಿಮೀಟರ್ ನೀರು ಸುರಿದರೆ ಮೂರು ಎಂಟಾಗುತ್ತದೆ. ಕೆಲಸ ಮುಂದುವರಿಸಿದರೆ ನಾಲ್ಕಕ್ಕಿಳಿದು, ಇನ್ನೊಂದು ಹದಿನಾರಕ್ಕೇರುತ್ತದೆ. ಬದಲಾವಣೆಯನ್ನು ವ್ಯವಸ್ಥೆ ತಗ್ಗಿಸುತ್ತದೆ, ಪೂರ್ತಿಯಾಗಿ ಅಳಿಸುವುದಿಲ್ಲ. 1884ರಲ್ಲಿ ಲ ಶಾತೆಲಿಯೆ ಹೇಳಿದ ತತ್ತ್ವವನ್ನು ಬೋಧಿಸುವಾಗ ಈ ಅಂಶ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಉಷ್ಣತೆಯ ಪರಿಣಾಮ ತೋರಿಸಬೇಕಾದರೆ ದಂಟನ್ನೇ ಬದಲಾಯಿಸಬೇಕು.

ನೀರಿನ ಆಟದಲ್ಲಿ ರಸಾಯನವೆಲ್ಲಿ ಎನ್ನುವವರಿಗೆ ಆರತಿಯ ಓಕುಳಿಯುಂಟು. ಅರಿಸಿನದ ನೀರಿಗೆ ಸುಣ್ಣದ ತಿಳಿ ಹಾಕಿದರೆ ಕೆಂಪು. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಬೇಕಾದಷ್ಟು ಸಲ ತಿರುಗಿಸಬಹುದು. ಸುಣ್ಣ ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ. ಆದರೆ ಕ್ರಿಯೆಗಳೆರಡೂ ಏಕಕಾಲಕ್ಕೆ ನಡೆಯುತ್ತಿರುವುದನ್ನು ಓಕುಳಿ ತೋರಿಸಲಾರದು. ಅದಕ್ಕೆ ಸೀಸೆಗಳೇ ಮೇಲು. ಗೋಲಿ ಸೋಡದ ಗೋಲಿಯನ್ನು ಒತ್ತಿದಾಗ ಗುಳ್ಳೆಗಳೇಳುವುದೂ ಸಮತೋಲ ಕದಡಿದ್ದರಿಂದಲೇ. ಅಲ್ಲಿ ಅನಿಲ ಹೊರಗೆ ಹೊರಟುಹೋಗುವುದರಿಂದ ಮೊದಲಿನ ಸ್ಥಿತಿ ಮತ್ತೆ ಕೂಡುವುದಿಲ್ಲ.