ಕಿಲೋಮೀಟರಿನಲ್ಲಿ ಅಡಗಿರುವ ಸಹಸ್ರ

ಬಟ್ಟೆ ಅಂಗಡಿಯಲ್ಲಿ ಮೀಟರ್ ಎಂದರೆ ಉದ್ದದ ಅಳತೆ. ಆಟೋದಲ್ಲಿ, ಕರೆಂಟ್ ಬಿಲ್ಲಿನಲ್ಲಿ ಅದೇ ಮೀಟರ್ ಅಳೆಯುವ ಯಂತ್ರ. ಇಂಗ್ಲಿಷ್ ಪದ ಎಂದು ನಾವು ಅದನ್ನು ಅಲ್ಲಿಗೇ ಬಿಟ್ಟಿದ್ದೇವೆ. ಆದರೆ ಮಾತ್ರೆ ನುಂಗುವ ನಮಗೆ ಅದು ಅಷ್ಟೇನೂ ಪರಕೀಯವಲ್ಲ.

ಉದ್ದದ ಮೀಟರ್ ಹುಟ್ಟಿದ್ದು ಕ್ರಾಂತಿಯ ಕಾಲದ ಫ್ರಾನ್ಸಿನಲ್ಲಿ. ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರವನ್ನು ಒಂದು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲೇ ಮೀಟರ್ ಎಂದು 1791ರಲ್ಲಿ ಗೊತ್ತುಮಾಡಿದರು. 1983ರಿಂದ ಬೆಳಕಿನ ವೇಗವೇ ಅದಕ್ಕೆ ಆಧಾರ. ಹೆಸರು ಮಾತ್ರ ಗ್ರೀಕಿನ ‘ಮೆಟ್ರಾನ್’, ಅಂದರೆ ಅಳತೆ.

ಈ ಪದವನ್ನು ಬಿಡಿಸಿ ನೋಡಿ. ‘ಮೆ’ ಎಂದರೆ ಅಳೆ, ‘ಟ್ರಾನ್’ ಎಂದರೆ ಸಾಧನ. ಸಂಸ್ಕೃತದಲ್ಲಿ ‘ಮಾ’ ಎಂದರೆ ಅಳೆ, ‘ತ್ರ’ ಎಂದರೆ ಸಾಧನ. ‘ಪಾ’ ಎಂದರೆ ಕುಡಿ. ಕುಡಿಯುವ ಸಾಧನ ಪಾತ್ರ. ಹಾಗೆಯೇ ಅಳತೆಯದು ಮಾತ್ರಾ, ನಮ್ಮ ಮಾತ್ರೆ. ಅಳೆದು ಕೊಡುವ ಔಷಧಿಗೂ ಛಂದಸ್ಸಿನ ಲಘು–ಗುರುಗಳ ಲೆಕ್ಕಕ್ಕೂ ಅದೇ ಹೆಸರು.

ಹಾಗಾದರೆ ಯಾರಿಂದ ಯಾರು ಕಡ ತಂದರು? ಇಬ್ಬರೂ ತರಲಿಲ್ಲ. ಎರಡೂ ಒಂದೇ ಹಳೆಯ ಭಾಷೆಯ ಕವಲುಗಳು. ಅದಕ್ಕೆ ವಿದ್ವಾಂಸರು ಇಟ್ಟ ಹೆಸರು ಮೂಲ ಇಂಡೋ-ಯುರೋಪಿಯನ್. ಅದರ ಬರಹ ಒಂದೂ ಉಳಿದಿಲ್ಲ. ಕವಲುಗಳ ಧ್ವನಿಗಳನ್ನು ಹೋಲಿಸಿ ಅದನ್ನು ಊಹಿಸುತ್ತಾರೆ. ಹೋಲಿಕೆಗೆ ನಿಯಮ ಇರಬೇಕು. ಗ್ರೀಕಿನ ‘ಎ’ ಇರುವಲ್ಲಿ ಸಂಸ್ಕೃತದಲ್ಲಿ ‘ಅ’, ಪದದ ಮೊದಲ ‘ಹ’ ಇರುವಲ್ಲಿ ‘ಸ’: ಡೆಕ–ದಶ, ಹೆಪ್ಟ–ಸಪ್ತ. ಕಿಲೋಮೀಟರಿನ ‘ಕಿಲೋ’ ಕೂಡ ಗ್ರೀಕಿನ ‘ಖಿಲಿಯೋಯ್’, ಸಾವಿರ. ನಮ್ಮ ಸಹಸ್ರದ ‘ಹಸ್ರ’ ಅದರ ನೆಂಟ. ನನಗಂತೂ ಈ ನೆಂಟಸ್ತನ ಎಲ್ಲಕ್ಕಿಂತ ರುಚಿ.

‘ಕನ್ನಡ ದ್ರಾವಿಡ ಭಾಷೆಯಲ್ಲವೇ?’ ಎಂದು ನೀವು ಕೇಳಬಹುದು. ಹೌದು. ಅಳೆ, ಅಳತೆ ಅಚ್ಚಗನ್ನಡ. ಮಾತ್ರೆ, ಪ್ರಮಾಣ, ಮಿತಿ ಸಂಸ್ಕೃತದಿಂದ ಬಂದವು.

ಕಿವಿಗೆ ಒಂದೇ ಎನಿಸಿದ್ದೆಲ್ಲ ಒಂದೇ ಮೂಲದ್ದಲ್ಲ. ಅನುಮಾನ ಅಳೆಯುವ ‘ಮಾ’ದಿಂದ ಬಂದದ್ದು, ಅವಮಾನ ಎಣಿಸು, ಗೌರವಿಸು ಎಂಬ ‘ಮನ್’ನಿಂದ. ಯಂತ್ರದ ಮೀಟರಿನಲ್ಲೂ ಇಂಥದೇ ತೊಡಕು. ಇಂಗ್ಲಿಷಿನಲ್ಲಿ ‘ಮೀಟ್’ ಎಂಬ, ಅಳೆದು ಹಂಚು ಎಂಬರ್ಥದ ಹಳೆಯ ಕ್ರಿಯಾಪದವಿದೆ. ಅದರ ಬೇರು ಬೇರೆ. ಯಂತ್ರದ ಹೆಸರು ಅದಕ್ಕೆ ಋಣಿ. ಆಮೇಲೆ ಗ್ರೀಕಿನ ಪದವೂ ಅದರ ಜೊತೆ ಕಲೆತುಹೋಯಿತು.

ನೀವೇ ಹುಡುಕಬೇಕೆಂದರೆ ಖರ್ಚಿಲ್ಲ. ಮೋನಿಯರ್-ವಿಲಿಯಮ್ಸ್ ಸಂಸ್ಕೃತ ನಿಘಂಟು ಜರ್ಮನಿಯ ಕೊಲೋನ್ ವಿಶ್ವವಿದ್ಯಾಲಯದ ತಾಣದಲ್ಲಿದೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು, ಅಂದರೆ ಪದಗಳ ಮೂಲ ಹೇಳುವ ಕೋಶ, ಶಿಕಾಗೋ ವಿಶ್ವವಿದ್ಯಾಲಯದ ತಾಣದಲ್ಲಿದೆ. ಎರಡೂ ಉಚಿತ. ಪದದ ಮೊದಲಿನ ಪ್ರ, ಅನು, ಪರಿಗಳನ್ನು ಕಳಚಿ ಧಾತುವನ್ನು ಹುಡುಕಿ. ಪದಮೂಲ ಹೇಳುವ ವಾಟ್ಸಾಪ್ ಸಂದೇಶ ಬಂದಾಗಲೂ, ಮುಂದಕ್ಕೆ ಕಳಿಸುವ ಮುನ್ನ ಇವೆರಡರಲ್ಲಿ ಒಂದನ್ನಾದರೂ ತೆರೆದು ನೋಡಿ.